ಮೊದಲು ಮಳೆ, ಆಮೇಲೆ ಪ್ರಾಂಶುಪಾಲರು

ಮೈದಾ ಹಿಟ್ಟಿನ ಅಂಟಿಗೆ ಚೂರು ಮೈಲುತುತ್ತ ಹಾಕಿ ಕುದಿಸಿದರೆ ಒಂದು ವಾಸನೆ ಬರುತ್ತದೆ. ಅಡುಗೆಯದೂ ಅಲ್ಲ, ಔಷಧಿಯದೂ ಅಲ್ಲ. ಹೋದ ಜೂನ್‌ನಲ್ಲಿ ತಂಗಿಯ ಮೊಮ್ಮಗಳು ಸಿಂಧುವನ್ನು ಪದವಿಗೆ ಸೇರಿಸಲು ಚಿತ್ರದುರ್ಗದ ಕಾಲೇಜಿಗೆ ಹೋಗಿದ್ದೆ. ನಾನು ಓದಿದ ಕಾಲೇಜೇ ಅದು. ಕಚೇರಿಯ ಹೊರಗೆ ಒಬ್ಬ ಹೆಂಗಸು ಡಬ್ಬಿಯಲ್ಲಿ ಅಂಟು ಇಟ್ಟುಕೊಂಡು ಗೋಡೆಗೆ ಸೂಚನೆಯ ಹಾಳೆ ಹಚ್ಚುತ್ತಿದ್ದಳು. ವಾಸನೆ ಮೂಗಿಗೆ ಹೊಡೆಯಿತು. ಅಲ್ಲೇ ನಿಂತುಬಿಟ್ಟೆ.

ಒಳಗೆ ಪ್ರವೇಶ ನೋಡಿಕೊಳ್ಳುತ್ತಿದ್ದ ಉಪನ್ಯಾಸಕರು ಸಿಂಧುವಿಗೆ ಬುದ್ಧಿ ಹೇಳುತ್ತಿದ್ದರು. ಪತ್ರಿಕೋದ್ಯಮ ಮತ್ತು ಸಂವಹನ ತೆಗೆದುಕೊಂಡು ಏನು ಮಾಡುತ್ತೀಯಮ್ಮ, ಮಾತಾಡುವುದನ್ನು ಯಾರಾದರೂ ಕಾಲೇಜಿಗೆ ಬಂದು ಕಲಿಯುತ್ತಾರೆಯೇ, ಕಂಪ್ಯೂಟರ್ ತೆಗೆದುಕೋ ಎಂದು. ಹುಡುಗಿ ನನ್ನ ಮುಖ ನೋಡಿದಳು. ಅವಳು ಕೇಳಿದ್ದನ್ನು ಬರೆದುಕೊಳ್ಳಿ ಎಂದು ನಾನು ಹೇಳಿದೆ. ಅವರು ಬರೆದುಕೊಂಡರು. ನಲವತ್ತು ವರ್ಷಗಳ ಹಿಂದೆ, ಅದೇ ಕೋಣೆಯಲ್ಲಿ, ನನಗೂ ಇದೇ ಪ್ರಶ್ನೆ ಕೇಳಿದ್ದರು. ನನ್ನ ಪರವಾಗಿ ಮಾತಾಡಲು ಪಕ್ಕದಲ್ಲಿ ಯಾರೂ ಇರಲಿಲ್ಲ, ನಾನೇ ಮಾತಾಡಿದ್ದೆ.

ಆ ಕಾಲೇಜಿನಲ್ಲಿ ನನ್ನ ಕೊನೆಯ ವರ್ಷವನ್ನು ಇಲ್ಲಿ ಹೇಳುತ್ತೇನೆ. ಕೊನೆಯ ವರ್ಷ ಎಂದು ನಾನು ಅಂದುಕೊಂಡಿದ್ದ ವರ್ಷ.

ಆ ಜೂನ್‌ನಲ್ಲಿ ಮಳೆಗಿಂತ ಮೊದಲು ಗಾಳಿ ಬಂತು. ದುರ್ಗದ ಗಾಳಿಗೆ ಈಗ ಗುಡ್ಡದ ಮೇಲೆಲ್ಲ ದೊಡ್ಡ ದೊಡ್ಡ ರೆಕ್ಕೆ ನಿಲ್ಲಿಸಿ ಕರೆಂಟು ತೆಗೆಯುತ್ತಾರೆ. ಆಗ ಅದು ಬಟ್ಟೆ ಹಾರಿಸುವುದಕ್ಕೆ, ಕಣ್ಣಿಗೆ ಮಣ್ಣು ತುಂಬುವುದಕ್ಕೆ, ನಮ್ಮ ಗೋಡೆ ಪತ್ರಿಕೆ ಹರಿಯುವುದಕ್ಕೆ ಮಾತ್ರ ಇತ್ತು. ಪತ್ರಿಕೋದ್ಯಮ ಓದುವವರು ವಾರಕ್ಕೊಂದು ಗೋಡೆ ಪತ್ರಿಕೆ ತರಬೇಕು ಎನ್ನುವುದು ಪಠ್ಯದಲ್ಲೇ ಇತ್ತು. ಭಾನುವಾರ ಮಧ್ಯಾಹ್ನ ಬರೆಯುವುದು, ಸೋಮವಾರ ಮೊದಲ ಗಂಟೆಗೆ ಮುಂಚೆ ಅಂಟಿಸುವುದು. ಹಾಸ್ಟೆಲಿನ ಅಡುಗೆಮನೆಯಲ್ಲಿ ಅಂಟು ಕುದಿಸುವ ಕೆಲಸ ನನ್ನದು. ಜಿರಳೆ ತಿನ್ನದಿರಲಿ ಎಂದು ಮೈಲುತುತ್ತ, ಗಾಳಿಗೆ ಏಳದಿರಲಿ ಎಂದು ಗಟ್ಟಿ ಪಾಕ. ಹಾಸ್ಟೆಲಿನಲ್ಲಿ ಬೆಳಗಿನ ಐದಕ್ಕೆ ಗಂಟೆ. ಸ್ನಾನ, ಪ್ರಾರ್ಥನೆ, ಓದು, ತಿಂಡಿ, ಎಲ್ಲಕ್ಕೂ ಗಂಟೆ. ಆ ಗಂಟೆಯನ್ನು ಬೇರೆಯವರು ಶಪಿಸುತ್ತಿದ್ದರು. ನನಗೆ ಹಿತವಾಗಿತ್ತು. ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳು ನಾನು; ಹೊತ್ತು ಮೂಡುವುದಕ್ಕೆ ಮುಂಚೆ ಎದ್ದು ಕುರಿ ಎಣಿಸದಿದ್ದರೆ ಆ ದಿನವೇ ಕೆಟ್ಟಂತೆ. ಈಗಲೂ ಐದಕ್ಕೆ ಏಳುತ್ತೇನೆ.

ನಮ್ಮೂರು ಹೊಸದುರ್ಗ ತಾಲ್ಲೂಕಿನ ಮಾಡದಕೆರೆ. ಅಪ್ಪ ಬೀರಪ್ಪ ವರ್ಷದ ಅರ್ಧ ಭಾಗ ಕುರಿಗಳ ಜೊತೆ ಹೊರಗೇ ಇರುತ್ತಿದ್ದರು. ನನ್ನನ್ನು ಕಾಲೇಜಿಗೆ ಕಳಿಸುವಾಗ ಅವರು ಹೇಳಿದ್ದು ಒಂದೇ ಮಾತು: ಮೂರು ವರ್ಷ, ನಾಲ್ಕನೆಯದು ಕೇಳಬೇಡ. ಮೂರು ಮುಗಿದ ಮೇಲೆ ಸೋದರಮಾವನ ಮನೆಗೆ ಸೊಸೆಯಾಗಿ ಹೋಗುವುದು ಎಂದು ಅವ್ವನ ಕಡೆಯವರು ಮಾತಾಡಿಕೊಂಡಿದ್ದರು. ಡಿಗ್ರಿ ಕೈಗೆ ಬಂದರೆ ಏನಾದರೂ ಕೆಲಸ ಹಿಡಿದು ಆ ಮಾತನ್ನು ಮುಂದೂಡಬಹುದು ಎನ್ನುವುದು ನನ್ನ ಲೆಕ್ಕ. ಫೇಲಾದರೆ ಮುಂದೂಡಲು ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಪತ್ರಿಕೋದ್ಯಮದಲ್ಲಿ ಕೊನೆಯ ವರ್ಷಕ್ಕೆ ಉಳಿದವರು ನಾಲ್ವರು. ಇಬ್ಬರು ಹುಡುಗರು, ನಾನು, ಮತ್ತೆ ಹಿರಿಯೂರಿನ ಹತ್ತಿರದ ಬಬ್ಬೂರಿನ ಪ್ರಭಾವತಿ. ಅವಳ ತಂದೆ ಅಲ್ಲಿನ ಕೃಷಿ ಫಾರಂನಲ್ಲಿ ನೌಕರರು. ಪ್ರಭಾವತಿಯ ಅಕ್ಷರ ಅಚ್ಚು ಹಾಕಿದ ಹಾಗೆ ಇರುತ್ತಿತ್ತು, ಹಾಗಾಗಿ ಗೋಡೆ ಪತ್ರಿಕೆ ಬರೆಯುವುದು ಅವಳ ಪಾಲು. ಪಾಠ ಹೇಳುತ್ತಿದ್ದವರು ಗುರುಸಿದ್ದಯ್ಯ ಮೇಷ್ಟ್ರು. ಬಹಳ ವರ್ಷ ಪತ್ರಿಕೆಯೊಂದರಲ್ಲಿ ದುಡಿದು, ಕಣ್ಣು ಮಂದವಾದ ಮೇಲೆ ಊರಿಗೆ ಮರಳಿ ಅರೆಕಾಲಿಕ ಉಪನ್ಯಾಸಕರಾಗಿದ್ದರು. ಸುದ್ದಿಯ ಜೀವ ಮೊದಲ ಸಾಲಿನಲ್ಲೇ ಇರಬೇಕು ಎನ್ನುವುದು ಅವರ ಪಾಠದ ಮೊದಲ ಮಾತು, ಕೊನೆಯ ಮಾತೂ ಅದೇ. ಯಾರು, ಏನು ಎಂದು ಮೊದಲು ಹೇಳು, ಮಿಕ್ಕಿದ್ದು ಆಮೇಲೆ ಎನ್ನುತ್ತಿದ್ದರು.

ನನಗೆ ಇದು ಒಗ್ಗಲು ಎರಡು ವರ್ಷ ಹಿಡಿದಿತ್ತು. ನಮ್ಮ ಹಟ್ಟಿಗಳಲ್ಲಿ ಸುದ್ದಿ ಹೇಳುವ ಕ್ರಮ ತಿರುಗಾಮುರುಗಾ. ಬಂದವರು ಮೊದಲು ಮಳೆ ಹೇಳಬೇಕು. ಆಮೇಲೆ ಮೇವು, ನೀರು, ಮರಿ. ಮನುಷ್ಯರ ವಿಷಯ ಕೊನೆಗೆ. ಮಳೆಯನ್ನು ಬಿಟ್ಟು ಯಾರಾದರೂ ನೇರವಾಗಿ ಒಬ್ಬರ ಹೆಸರು ಎತ್ತಿದರೆ ಕೇಳಿದವರ ಎದೆ ಧಸಕ್ಕೆನ್ನುತ್ತದೆ. ಸಾವಿನ ಸುದ್ದಿಯನ್ನು ಮಾತ್ರ ಹಾಗೆ ಹೇಳುವುದು. ಗುರುಸಿದ್ದಯ್ಯ ಮೇಷ್ಟ್ರ ಕ್ರಮದಲ್ಲಿ ಬರೆದ ಪ್ರತಿ ಸುದ್ದಿಯೂ ನನ್ನ ಕಿವಿಗೆ ಸಾವಿನ ಸುದ್ದಿಯ ಹಾಗೆ ಕೇಳುತ್ತಿತ್ತು. ಆದರೂ ಕಲಿತೆ. ಕಲಿಯುವುದಕ್ಕೇ ಬಂದವಳು.

ಮೇಷ್ಟ್ರು ತರಗತಿಗೆ ಬಂದ ಕೂಡಲೇ ಇವತ್ತಿನ ದೊಡ್ಡ ಸುದ್ದಿ ಯಾವುದು ಎಂದು ಕೇಳುತ್ತಿದ್ದರು. ಹುಡುಗರಿಬ್ಬರೂ ಇವತ್ತಿನದು ಹೇಳುತ್ತಿದ್ದರು. ನಾವಿಬ್ಬರೂ ನಿನ್ನೆಯದು ಹೇಳುತ್ತಿದ್ದೆವು. ಕಾಲೇಜಿನ ವಾಚನಾಲಯ ಮುಂಭಾಗದಲ್ಲಿತ್ತು. ಹುಡುಗಿಯರು ಅಲ್ಲಿಗೆ ಹೋಗಬಾರದೆಂದು ಎಲ್ಲೂ ಬರೆದಿರಲಿಲ್ಲ, ಆದರೆ ಯಾರೂ ಹೋಗುತ್ತಿರಲಿಲ್ಲ, ಹೋಗಲು ಬಿಡುತ್ತಲೂ ಇರಲಿಲ್ಲ. ನಮಗೆ ಅಂಗಳದಾಚೆ ಮಹಿಳೆಯರ ಕೋಣೆ ಎಂದು ಒಂದಿತ್ತು. ಹುಡುಗರು ಓದಿ ಮುಗಿಸಿದ ಪತ್ರಿಕೆಗಳು ಮಾರನೆಯ ದಿನ ಅಲ್ಲಿಗೆ ಬರುತ್ತಿದ್ದವು, ಸಿನಿಮಾ ಜಾಹೀರಾತು ಕತ್ತರಿಸಿಕೊಂಡ ಕಡೆ ಕಿಟಕಿಯಂಥ ತೂತು ಬಿಟ್ಟುಕೊಂಡು.

ಅದನ್ನು ನಾನು ಪ್ರಪಂಚದ ರೀತಿ ಎಂದೇ ತಿಳಿದಿದ್ದೆ. ಆಷಾಢದಲ್ಲಿ ಎರಡು ದಿನ ಊರಿಗೆ ಹೋದಾಗ ಕಣ್ಣು ತೆರೆಯಿತು. ಮಾಡದಕೆರೆಯ ಟೀ ಅಂಗಡಿಯ ಬೆಂಚಿನ ಮೇಲೆ ಪತ್ರಿಕೆ ಬಿದ್ದಿತ್ತು. ತಾರೀಖು ನೋಡಿದೆ. ಇವತ್ತಿನದೇ. ಎಲ್ಲಿಂದ ಬಂತು ಎಂದು ಕೇಳಿದರೆ ಅಂಗಡಿಯವನು ಇಮಾಮಣ್ಣನ ಬಸ್ಸು ಎಂದ.

ಇಮಾಮಣ್ಣ ದುರ್ಗದಿಂದ ಹೊಳಲ್ಕೆರೆ, ಹೊಸದುರ್ಗದ ಮೇಲೆ ನಮ್ಮೂರಿಗೆ ಬರುವ ಖಾಸಗಿ ಬಸ್ಸಿನ ಕಂಡಕ್ಟರು. ದೊಡ್ಡ ಹೊಟ್ಟೆ, ಸಣ್ಣ ಸೀಟಿ. ಬಸ್ಸಿನಲ್ಲಿ ಹೋಗುವಾಗ ಅವರೇ ವಿವರ ಹೇಳಿದರು. ಬೆಂಗಳೂರಿನ ಕಡೆಯಿಂದ ಬರುವ ಗಾಡಿ ಕೋಳಿ ಕೂಗುವ ಹೊತ್ತಿಗೆ ಹಿರಿಯೂರಿನಲ್ಲಿ ಒಂದಿಷ್ಟು ಕಟ್ಟು ಎಸೆದು ದುರ್ಗಕ್ಕೆ ಬರುತ್ತದೆ. ಅಲ್ಲಿ ಇವರ ಬಸ್ಸಿಗೆ ಹತ್ತಿಸುತ್ತಾರೆ. ಇವರು ದಾರಿಯುದ್ದಕ್ಕೂ ಇಳಿಸಿಕೊಂಡು ಹೋಗುತ್ತಾರೆ. ಇಷ್ಟು ಊರು ದಾಟಿ ಬಂದ ಪತ್ರಿಕೆ ಮಧ್ಯಾಹ್ನಕ್ಕೆ ಮಾಡದಕೆರೆಯ ಬೆಂಚಿನ ಮೇಲಿರುತ್ತಿತ್ತು. ಅದೇ ಪತ್ರಿಕೆಗೆ ನಮ್ಮ ಕಾಲೇಜಿನ ಒಂದು ಅಂಗಳ ದಾಟಲು ಇಡೀ ದಿನ ಬೇಕಾಗುತ್ತಿತ್ತು.

ದುರ್ಗಕ್ಕೆ ಮರಳಿದವಳೇ ಪ್ರಾಂಶುಪಾಲರ ಕೋಣೆಗೆ ಹೋದೆ. ಗಣಿತದವರು. ಮೇಜಿನ ಮೇಲೆ ಪೆನ್ನು, ಪೆನ್ಸಿಲು, ಕಾಗದ ಎಲ್ಲ ಗೆರೆ ಎಳೆದ ಹಾಗೆ ಇಟ್ಟುಕೊಳ್ಳುವವರು. ಆ ಮೇಜನ್ನು ನಾನು ಮೆಚ್ಚುತ್ತಿದ್ದೆ. ನಮಗೂ ಆ ದಿನದ ಪತ್ರಿಕೆ ಅದೇ ದಿನ ಬೇಕು ಎಂದು ಕೇಳಿದೆ. ಹುಡುಗರ ನಡುವೆ ಕೂತು ಓದುವುದು ಬೇಡಮ್ಮ ಎಂದರು. ಹಾಗಾದರೆ ಇನ್ನೊಂದು ಪ್ರತಿ ತರಿಸಿ ಎಂದೆ. ಸುದ್ದಿ ಒಂದು ದಿನ ತಡವಾದರೆ ನಿಮಗೇನು ನಷ್ಟ, ಅನ್ನವೇನು ಹಳಸುವುದಿಲ್ಲವಲ್ಲ ಎಂದು ನಕ್ಕರು.

ಆ ಭಾನುವಾರ ಸುದ್ದಿ ಬರೆದೆ. ತಲೆಬರಹ: ಹುಡುಗಿಯರಿಗೆ ನಿನ್ನೆಯ ಪತ್ರಿಕೆ. ಮೇಷ್ಟ್ರು ಹೇಳಿಕೊಟ್ಟ ಹಾಗೆಯೇ ಮೊದಲ ಸಾಲು: 'ಪ್ರಾಂಶುಪಾಲರು ಹುಡುಗಿಯರಿಗೆ ಅಂದಿನ ಪತ್ರಿಕೆಯನ್ನು ಅಂದೇ ಕೊಡಲು ನಿರಾಕರಿಸಿದ್ದಾರೆ.' ಕೆಳಗೆ ಮಾಡದಕೆರೆಯ ಬೆಂಚಿನ ವಿಷಯ. ನಾಲ್ವರ ಹೆಸರೂ ಇತ್ತು.

ಗೋಡೆ ಪತ್ರಿಕೆಗೆ ಕಚೇರಿಯ ನೀಲಿ ಮೊಹರು ಬೀಳಬೇಕು, ಆಮೇಲೆ ಅಂಟಿಸಬೇಕು. ಮೊಹರಿದ್ದ ಸಂಚಿಕೆಗಳನ್ನೇ ವರ್ಷದ ಕೊನೆಗೆ ಹೊರಗಿನ ಪರೀಕ್ಷಕರು ನೋಡಿ ಪ್ರಾಯೋಗಿಕ ಅಂಕ ಕೊಡುವುದು. ಆ ಅಂಕ ಬಾರದಿದ್ದರೆ ಮಿಕ್ಕಿದ್ದರಲ್ಲಿ ಎಷ್ಟು ಬಂದರೂ ಫೇಲು. ಪ್ರಾಂಶುಪಾಲರು ಓದಿ ಮೊಹರು ಹಾಕಲಿಲ್ಲ. ನಾನು ಅಂಟು ತೆಗೆದುಕೊಂಡು ಹೋಗಿ ಮೊಹರಿಲ್ಲದೆ ಅಂಟಿಸಿದೆ. ಮಧ್ಯಾಹ್ನದ ಹೊತ್ತಿಗೆ ಅದನ್ನು ಕೆರೆದು ತೆಗೆದಿದ್ದರು.

ನಾಲ್ವರನ್ನೂ ಕರೆಸಿದರು. ಪ್ರಕಟಿಸಿದ ಸುದ್ದಿ ಸುಳ್ಳು, ಕ್ಷಮೆ ಇರಲಿ ಎಂದು ಬರೆದು ಸಹಿ ಹಾಕಬೇಕು, ಹಾಕಿದವರ ಸಂಚಿಕೆಗಳಿಗೆ ಮುಂದೆ ಮೊಹರು ಬೀಳುತ್ತದೆ ಎಂದರು. ಹುಡುಗರಿಬ್ಬರೂ ಹಾಕಿದರು. ಪ್ರಭಾವತಿ ನನ್ನ ಕಡೆ ನೋಡದೆ ಹಾಕಿದಳು. ಅವಳ ತಂದೆ ಸರಕಾರಿ ನೌಕರಿಯವರು, ಒಂದು ಕಾಗದ ಮನೆಗೆ ಹೋಗಿದ್ದರೆ ಅವಳ ಓದು ಅಲ್ಲಿಗೆ ನಿಲ್ಲುತ್ತಿತ್ತು. ಅವಳ ಮೇಲೆ ನನಗೆ ಅವತ್ತೂ ಸಿಟ್ಟು ಬರಲಿಲ್ಲ. ನಾನು ಹಾಕಲಿಲ್ಲ. ಶಿಸ್ತಿನ ಬಗ್ಗೆ ನನಗೆ ಇಂದಿಗೂ ತಕರಾರಿಲ್ಲ. ಗಂಟೆ ಹೊಡೆದರೆ ಏಳುತ್ತೇನೆ, ಸಾಲಿನಲ್ಲಿ ನಿಲ್ಲು ಎಂದರೆ ನಿಲ್ಲುತ್ತೇನೆ. ನಡೆದದ್ದನ್ನು ನಡೆದಿಲ್ಲ ಎಂದು ಬರೆದುಕೊಡುವುದು ಶಿಸ್ತಲ್ಲ.

ಅಲ್ಲಿಂದ ಕಾಲೇಜಿನ ಗೋಡೆ ನನಗೆ ಮುಚ್ಚಿತು. ಉಳಿದ ಮೂವರ ಸಂಚಿಕೆ ಅಲ್ಲಿ ಬರುತ್ತಿತ್ತು. ನನ್ನದನ್ನು ಎಲ್ಲಿ ಅಂಟಿಸುವುದು? ಬರೆಯದೆ ಇರುವುದು ನನ್ನಿಂದ ಆಗುವ ಮಾತಲ್ಲ. ಭಾನುವಾರ ಮಧ್ಯಾಹ್ನ ಬಂದರೆ ಕೈ ತಾನಾಗಿ ಹಾಳೆ ಹುಡುಕುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ಹಾಳೆ ಸುತ್ತಿಕೊಂಡು, ಅಂಟಿನ ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಇಮಾಮಣ್ಣನಿಗೆ ವಿಷಯ ಹೇಳಿದೆ. ಡ್ರೈವರ್ ಸೀಟಿನ ಹಿಂದೆ ಒಂದು ತಗಡಿನ ಹಲಗೆ ಇತ್ತು, ಯಾವುದೋ ಸೋಪಿನ ಹಳೆಯ ಜಾಹೀರಾತು ಅರ್ಧ ಕಿತ್ತುಹೋಗಿತ್ತು.

'ಇಲ್ಲಿ ಹಚ್ಚವ್ವ. ಸೋಪು ಹೆಂಗೂ ಯಾರೂ ಕೊಳ್ಳಲ್ಲ' ಎಂದರು.

ಅದೇ ಸುದ್ದಿ, ಅದೇ ಮೊದಲ ಸಾಲು. ಹಾಳೆ ಬರೆದಿದ್ದು ಪ್ರಭಾವತಿ. ಹಿಂದಿನ ರಾತ್ರಿ ಊಟದ ಗಂಟೆಗೆ ಮುಂಚೆ ತಾನಾಗಿಯೇ ನನ್ನ ಕೋಣೆಗೆ ಬಂದು, ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ತಾ ಇಲ್ಲಿ ಎಂದು ಕಿತ್ತುಕೊಂಡಿದ್ದಳು.

ಮುಂದೆ ನಡೆದದ್ದನ್ನು ಇಮಾಮಣ್ಣ ನನಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಹೊಳಲ್ಕೆರೆ ಕೋರ್ಟಿಗೆ ದಿನಾ ಹೋಗುವ ಗುಮಾಸ್ತರೊಬ್ಬರು ಮುಂದಿನ ಸೀಟಿನವರು. ಕಣ್ಣೆದುರು ಅಕ್ಷರ ಕಂಡರೆ ಗಟ್ಟಿಯಾಗಿ ಓದುವ ಅಭ್ಯಾಸ. ಅವರು 'ಪ್ರಾಂಶುಪಾಲರು' ಎಂದು ಶುರುಮಾಡಿ ಸಾಲು ಮುಗಿಸುವಷ್ಟರಲ್ಲಿ ಹಿಂದೆ ಕಂಬಳಿ ಗಂಟು ಇಟ್ಟುಕೊಂಡು ಕೂತಿದ್ದ ಹಟ್ಟಿಯ ಅಜ್ಜಿ ಸೆರಗು ಬಾಯಿಗೆ ಹಿಡಿದಳು.

'ಅಯ್ಯೋ ಶಿವನೇ. ಯಾವತ್ತು ಹೋದ್ರಂತೆ?'

'ಯಾರವ್ವ?' ಎಂದರು ಗುಮಾಸ್ತರು.

'ಅದೇ, ಈಗ ಓದಿದ್ರಲ್ಲ. ಕಾಲೇಜಿನ ಸಾಮಿ.'

'ಹೋಗಿಲ್ಲವ್ವ. ಹುಡುಗೀರಿಗೆ ಪೇಪರ್ ಕೊಡಲ್ಲ ಅಂದವ್ರಂತೆ.'

'ಮುಚ್ಚಿಡಬ್ಯಾಡ್ರಿ. ಮಳೆ ಹೇಳ್ಲಿಲ್ಲ, ಮೇವು ಹೇಳ್ಲಿಲ್ಲ, ನೆಟ್ಟಗೆ ಅವ್ರ ಹೆಸ್ರೇ ಎತ್ತಿದ್ರಿ. ನಂಗೇನು ತಿಳಿಯಲ್ವ?'

ಗುಮಾಸ್ತರು ಎಷ್ಟು ಹೇಳಿದರೂ ಅಜ್ಜಿ ಒಪ್ಪಲಿಲ್ಲ. ಬಸ್ಸಿನಲ್ಲಿದ್ದ ಹಟ್ಟಿಯವರಿಗೆಲ್ಲ ಅಜ್ಜಿಯ ಮಾತೇ ಸರಿ ಕಂಡಿತು. ಓದಿದವರು ಕೆಟ್ಟ ಸುದ್ದಿಯನ್ನು ಬಸ್ಸಿನಲ್ಲಿ ಬಿಡಿಸಿ ಹೇಳಲು ಹಿಂಜರಿಯುತ್ತಿದ್ದಾರೆ ಎಂದುಕೊಂಡರು. ಹೊಳಲ್ಕೆರೆ ಸಂತೆಯಲ್ಲಿ ಇಳಿದರು. ಸಂಜೆಯ ಹೊತ್ತಿಗೆ ದುರ್ಗದ ಕಾಲೇಜಿನ ಪ್ರಾಂಶುಪಾಲರು ತೀರಿಕೊಂಡಿದ್ದಾರೆ ಎನ್ನುವುದು ಎರಡು ತಾಲ್ಲೂಕಿಗೆ ಗೊತ್ತಾಗಿತ್ತು. ಒಳ್ಳೆಯವರಾಗಿದ್ದರು ಎನ್ನುವುದೂ ಸೇರಿತ್ತು.

ಎರಡು ದಿನ ಬಿಟ್ಟು ಹಿರೇಗುಂಟನೂರು ಕಡೆಯಿಂದ ಮೂವರು ಹಿರಿಯರು ಹೂವಿನ ಹಾರ, ಕರ್ಪೂರ ಹಿಡಿದುಕೊಂಡು ಕಾಲೇಜಿಗೆ ಬಂದರು. ಅವರ ಹಟ್ಟಿಯ ಹುಡುಗನೊಬ್ಬನಿಗೆ ಪ್ರಾಂಶುಪಾಲರು ಹಿಂದೆ ಸೀಟು ಕೊಡಿಸಿದ್ದರಂತೆ, ಆ ಋಣ. ಮಣ್ಣಿಗೆ ಯಾವಾಗ ಎಂದು ಜವಾನನನ್ನು ವಿಚಾರಿಸುತ್ತಿದ್ದರು. ಗದ್ದಲ ಕೇಳಿ ಪ್ರಾಂಶುಪಾಲರೇ ಬಾಗಿಲಿಗೆ ಬಂದರು. ಪಡಸಾಲೆಯಲ್ಲಿದ್ದ ಪ್ರಭಾವತಿ ಕಂಬದ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಹಿರಿಯರಲ್ಲಿ ಒಬ್ಬರು ಅವರನ್ನು ಮೇಲಿಂದ ಕೆಳಗೆ ನೋಡಿ, 'ಸಾಮಿ, ಇದ್ದೀರಲ್ಲ' ಎಂದರಂತೆ. ಖುಷಿಯೋ ಬೇಸರವೋ ತಿಳಿಯಲಿಲ್ಲ ಎಂದಳು. ತಂದ ಹಾರವನ್ನು ವಾಪಸ್ಸು ಒಯ್ಯಬಾರದು ಎಂದು ಅವರ ಕೊರಳಿಗೇ ಹಾಕಿ ಹೋದರಂತೆ.

ನನ್ನನ್ನು ಕರೆಸಿದಾಗ ಹಾರ ಮೇಜಿನ ಮೇಲಿತ್ತು. ಆ ಮೇಜಿನ ಮೇಲೆ ಗೆರೆ ತಪ್ಪಿ ಬಿದ್ದ ವಸ್ತು ನಾನು ಕಂಡದ್ದು ಅದೊಂದೇ. ಹಿರಿಯೂರಿನಿಂದ ತಮ್ಮ ಭಾಮೈದ ಅಳುತ್ತಾ ಓಡಿಬಂದಿದ್ದನ್ನು ಹೇಳಿದರು. ಕೂಗಾಡಲಿಲ್ಲ. ಕಾಗದ, ಪೆನ್ನು ನನ್ನ ಕಡೆ ಸರಿಸಿದರು.

'ಒಂದೇ ಸಾಲು. ಸುದ್ದಿ ಸುಳ್ಳು ಅಂತ. ನಿನ್ನ ಎಲ್ಲ ಸಂಚಿಕೆಗೂ ಮೊಹರು ಹಾಕ್ತೀನಿ.'

'ನೀವು ಸತ್ತ ಸುದ್ದಿ ಸುಳ್ಳು ಅಂತ ಈಗಲೇ ಬರೆದುಕೊಡ್ತೀನಿ ಸಾರ್. ಪತ್ರಿಕೆಯ ಸುದ್ದಿ ಸುಳ್ಳು ಅಂತ ಬರೆಯಲ್ಲ.'

'ನಿನಗೆ ಪ್ರಾಯೋಗಿಕ ಅಂಕ ಬರಲ್ಲ. ಗೊತ್ತಿದೆಯಾ?'

'ಗೊತ್ತಿದೆ ಸಾರ್.'

ಕಾಗದವನ್ನು ಮತ್ತೆ ಗೆರೆಗೆ ಸರಿಯಾಗಿ ಇಟ್ಟುಕೊಂಡರು. ನಾನು ನಮಸ್ಕಾರ ಹೇಳಿ ಬಂದೆ.

ಸತ್ತ ಸುದ್ದಿ ತಿದ್ದುವುದು ಮಾತ್ರ ನನ್ನ ಜವಾಬ್ದಾರಿ ಎನಿಸಿತು. ಮುಂದಿನ ಸೋಮವಾರದ ಹಾಳೆಯನ್ನು ಹಟ್ಟಿಯ ಕ್ರಮದಲ್ಲಿ ಬರೆದೆ. ಮೊದಲು ಮಳೆ: ಯಾವ ಹೋಬಳಿಗೆ ಆಯಿತು, ಯಾವುದಕ್ಕೆ ಇಲ್ಲ. ಅದನ್ನು ಹೇಳುತ್ತಿದ್ದವರು ಇಮಾಮಣ್ಣ, ಅವರ ಬಸ್ಸು ಹಾಯದ ಮಳೆಯಿಲ್ಲ. ಆಮೇಲೆ ಮೇವು, ಕೆರೆಗಳ ನೀರು, ಎಲ್ಲಿ ಕುರಿಗೆ ಕಾಲುಬೇನೆ ಬಂದಿದೆ, ಯಾರ ಮಂದೆ ಎಲ್ಲಿ ಬೀಡು ಬಿಟ್ಟಿದೆ. ಕೊನೆಗೆ ಮನುಷ್ಯರು. ಅದರ ಕೊನೆಗೆ ಎರಡು ಸಾಲು: 'ಪ್ರಾಂಶುಪಾಲರು ಆರೋಗ್ಯವಾಗಿದ್ದಾರೆ. ಹುಡುಗಿಯರಿಗೆ ಇನ್ನೂ ನಿನ್ನೆಯ ಪತ್ರಿಕೆಯೇ ಬರುತ್ತಿದೆ.'

ಈ ಎರಡು ಸಾಲನ್ನು ಆ ವರ್ಷವಿಡೀ ಪ್ರತಿ ವಾರ ಹಾಕಿದೆ. ಒಂದು ವಾರವೂ ಬಿಡಲಿಲ್ಲ.

ಗುರುಸಿದ್ದಯ್ಯ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಬಸ್ಸು ಹತ್ತಿ ಓದಿ ಬಂದರು. ಇದು ಸುದ್ದಿಯಲ್ಲಮ್ಮ, ಪಂಚಾಂಗ ಎಂದರು. ಎರಡು ವರ್ಷ ಕಲಿಸಿದ್ದನ್ನೆಲ್ಲ ನೀರಿಗೆ ಹಾಕಿದೆ ಎಂದು ನಿಜವಾಗಿಯೇ ನೊಂದುಕೊಂಡರು. ನಾನು ಅವರಿಗೂ ಸೋಲಲಿಲ್ಲ. ನಿಮ್ಮ ಕ್ರಮದಲ್ಲಿ ಬರೆದರೆ ನಮ್ಮವರು ಮೊದಲ ಸಾಲಿಗೇ ಅಳಲು ಶುರುಮಾಡುತ್ತಾರೆ, ಈ ಕ್ರಮದಲ್ಲಿ ಬರೆದರೆ ಕೊನೆಯ ಸಾಲಿನವರೆಗೂ ಕಾಯುತ್ತಾರೆ, ನನಗೆ ಮುಟ್ಟಿಸಬೇಕಾದದ್ದು ಕೊನೆಯ ಸಾಲಿನಲ್ಲಿದೆ ಎಂದೆ. ಸರಿ, ಆದರೆ ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ ಎಂದರು. ಪರೀಕ್ಷೆಯಲ್ಲಿ ಅವರ ಹಾಗೆಯೇ ಬರೆದೆ. ಅದರಲ್ಲಿ ನನಗೆ ಒಳ್ಳೆಯ ಅಂಕವೇ ಬಂತು. ಮುಂದೆ ನಾನೇ ಒಂದು ವಾರಪತ್ರಿಕೆ ನಡೆಸಿದಾಗ ಅದರ ಮೊದಲ ಪುಟದ ಮೊದಲ ಸಾಲು ಯಾವತ್ತೂ ಮಳೆಯದೇ ಆಗಿತ್ತು. ಓದಿದವರು ನಗುತ್ತಿದ್ದರು. ನಗಲಿ.

ಬಸ್ಸಿನ ಹಲಗೆ ಬಹಳ ದಿನ ನನ್ನೊಬ್ಬಳದಾಗಿ ಉಳಿಯಲಿ‌ಲ್ಲ. ಕಿವಿ ಸೀಳಿದ ಕುರಿ ತಪ್ಪಿಸಿಕೊಂಡಿದೆ ಎಂದು ಒಬ್ಬರು ಹೇಳುವರು, ಮಗಳಿಗೆ ಹೆರಿಗೆ ಆಯಿತು ಎಂದು ಇನ್ನೊಬ್ಬರು. ಇಮಾಮಣ್ಣ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಬಂದು ಶನಿವಾರ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನಗೆ ಒಪ್ಪಿಸುತ್ತಿದ್ದರು. ದೀಪಾವಳಿ ಕಳೆಯಿತು, ಬಿಳಿಜೋಳದ ಹೊಲಗಳು ಹಣ್ಣಾದವು, ಚಳಿ ಬಂದು ಅಂಟು ಬೇಗ ಗಟ್ಟಿಯಾಗತೊಡಗಿತು. ಹುಡುಗಿಯರ ಕೋಣೆಗೆ ನಿನ್ನೆಯ ಪತ್ರಿಕೆ ಬರುತ್ತಲೇ ಇತ್ತು.

ಮಾರ್ಚಿನ ಬಿಸಿಲಿನಲ್ಲಿ ಹೊರಗಿನ ಪರೀಕ್ಷಕರು ಬಂದರು. ದೂರದ ಊರಿನವರು, ಮೃದು ಮಾತಿನವರು. ಮೂವರ ಮೊಹರಿದ್ದ ಕಟ್ಟುಗಳನ್ನು ನೋಡಿ, ನಿನ್ನವು ಎಲ್ಲಮ್ಮ ಎಂದು ಕೇಳಿದರು. ಬಸ್ಸಿನಲ್ಲಿವೆ ಸಾರ್ ಎಂದೆ. ಮೇಷ್ಟ್ರು ಕೆಮ್ಮಿದರು. ಪರೀಕ್ಷಕರಿಗೆ ಕುತೂಹಲ ಹುಟ್ಟಿತು. ಮಧ್ಯಾಹ್ನ ಅವರು, ಮೇಷ್ಟ್ರು, ನಾನು ಮೂವರೂ ನಡೆದು ಬಸ್ ಸ್ಟ್ಯಾಂಡಿಗೆ ಹೋದೆವು. ಬಸ್ಸು ಹೊರಡಲು ಇನ್ನೂ ಸಮಯವಿತ್ತು, ಸೀಟು ತುಂಬಿದ್ದವು.

'ಬರ್ರಿ, ಕುಂತ್ಕಳ್ರಿ' ಎಂದು ಇಮಾಮಣ್ಣ ಮುಂದಿನ ಸೀಟಿನವರನ್ನು ಎಬ್ಬಿಸಿದರು. ವಿಷಯ ತಿಳಿದು ಯಾರೋ ಓದುವವನೊಬ್ಬ ಹಾಳೆಯನ್ನು ಗಟ್ಟಿಯಾಗಿ ಓದತೊಡಗಿದ. ಮಳೆ, ಮೇವು, ನೀರು. ಕೊನೆಗೆ ಬಂದಾಗ ಅವನು ಬಾಯಿ ತೆರೆಯುವುದಕ್ಕೆ ಮುಂಚೆಯೇ ಹಿಂದಿನ ಸೀಟಿನಿಂದ ಒಬ್ಬಳು, ಮೆಟ್ಟಿಲ ಮೇಲಿಂದ ಒಬ್ಬ, ಕೊನೆಗೆ ಇಡೀ ಬಸ್ಸು ಹೇಳಿತು: ಪ್ರಾಂಶುಪಾಲರು ಆರೋಗ್ಯವಾಗಿದ್ದಾರೆ, ಹುಡುಗಿಯರಿಗೆ ಇನ್ನೂ ನಿನ್ನೆಯ ಪತ್ರಿಕೆಯೇ ಬರುತ್ತಿದೆ. ಪರೀಕ್ಷಕರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು.

ಕೆಳಗೆ ಇಳಿದ ಮೇಲೆ ನಗು ಹೋಗಿತ್ತು. ಇಷ್ಟು ಓದುಗರಿರುವ ವಿದ್ಯಾರ್ಥಿಯನ್ನು ತಾವು ಕಂಡಿಲ್ಲ ಎಂದರು. ಆದರೆ ಮೊಹರಿಲ್ಲದ ಹಾಳೆಗೆ ಅಂಕ ಹಾಕುವ ಹಾಗಿಲ್ಲ, ಅಂಕಪಟ್ಟಿ ಸಂಜೆ ಕಚೇರಿಯಿಂದ ಹೋಗುತ್ತದೆ, ಅಷ್ಟರೊಳಗೆ ಪ್ರಾಂಶುಪಾಲರನ್ನು ಕಂಡು ಬಾ ಎಂದು ತಂದೆಯ ಹಾಗೆ ಹೇಳಿದರು.

ಕಾಲೇಜಿಗೆ ಮರಳಿದೆ. ಪ್ರಾಂಶುಪಾಲರ ಬಾಗಿಲು ತೆರೆದಿತ್ತು. ಒಳಗಿನಿಂದ ನನ್ನನ್ನು ನೋಡಿದರು. ಕಾಗದ ಮತ್ತು ಪೆನ್ನನ್ನು ಮೇಜಿನ ಈ ತುದಿಗೆ ಸರಿಸಿದರು. ಕಾಲು ನಿಂತವು, ಅದನ್ನು ಮುಚ್ಚಿಡುವುದಿಲ್ಲ. ಸೋದರಮಾವನ ಮನೆಯ ಅಂಗಳ ಕಣ್ಣ ಮುಂದೆ ಬಂತು. ಮಹಿಳೆಯರ ಕೋಣೆಯ ಕಡೆ ತಿರುಗಿ ನೋಡಿದೆ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಪತ್ರಿಕೆ ಮಡಚಿಟ್ಟಿತ್ತು. ಹೋಗಿ ತಾರೀಖು ನೋಡಿದೆ. ನಿನ್ನೆಯದು. ಹಾಸ್ಟೆಲಿಗೆ ಹೋದೆ.

ಫಲಿತಾಂಶ ಮುಂಗಾರಿನ ಹೊತ್ತಿಗೆ ಬಂತು. ಮೂವರು ಪಾಸು. ನಾನು ಪ್ರಾಯೋಗಿಕದಲ್ಲಿ ಫೇಲು. ಊರಿನಲ್ಲಿ ಅವ್ವ ಅತ್ತಳು, ಸೋದರಮಾವ ಮಾರನೆಯ ದಿನವೇ ಬಂದು ಪಡಸಾಲೆಯಲ್ಲಿ ಕೂತ. ಅಪ್ಪ ಬರಲಿ ಎಂದೆ. ಅಪ್ಪ ಬರುವುದಿಲ್ಲ, ಹೊಳಲ್ಕೆರೆಯ ಹತ್ತಿರ ಯಾರದೋ ಹೊಲದಲ್ಲಿ ಮಂದೆ ಹಾಕಿದ್ದಾನೆ ಎಂದ ಮಾವ. ಹಾಗಾದರೆ ನಾನೇ ಹೋಗುತ್ತೇನೆ ಎಂದು ಇಮಾಮಣ್ಣನ ಬಸ್ಸು ಹತ್ತಿದೆ. ಹಲಗೆ ಖಾಲಿ ಇತ್ತು. ಹಳೆಯ ಅಂಟಿನ ಕಲೆ ಮಾತ್ರ ಉಳಿದಿತ್ತು. ಇಮಾಮಣ್ಣ ಹೊಲದ ಪಕ್ಕ ಸೀಟಿ ಊದಿ ಬಸ್ಸು ನಿಲ್ಲಿಸಿದರು.

ಅಪ್ಪ ಬೇವಿನ ಮರದ ಕೆಳಗೆ ಕದಿರಿನಲ್ಲಿ ಉಣ್ಣೆ ನೂಲುತ್ತಾ ಕೂತಿದ್ದರು. ಕುರಿಗಳು ಬಿಸಿಲಿಗೆ ತಲೆ ತಗ್ಗಿಸಿ ಒಂದರ ನೆರಳಲ್ಲಿ ಒಂದು ನಿಂತಿದ್ದವು. ನಾನು ಎದುರಿಗೆ ಕೂತೆ. ಅಪ್ಪ ತಲೆ ಎತ್ತಲಿಲ್ಲ.

'ಮಳೆ ಎಲ್ಲೀ ತಂಕ ಬಂತು?'

'ಹೊಸದುರ್ಗದಾಗೆ ಆಗೈತೆ. ನಮ್ಮೂರಿಗೆ ಹನಿ ಬಿದ್ದಿಲ್ಲ.'

'ಮೇವು?'

'ಕೆರೆ ಅಂಗಳದಾಗೆ ಚಿಗುರೈತೆ.'

'ನೀರು?'

'ಕುಡಿಯಾಕೆ ಐತೆ.'

'ಮರಿ?'

'ಮನೇಲಿ ಬಿಟ್ಟಿದ್ಯಲ್ಲ ಕರಿಕುರಿ, ಎರಡು ಹಾಕೈತೆ. ಎರಡೂ ಹೆಣ್ಣು.'

ಕದಿರು ತಿರುಗುತ್ತಿತ್ತು. ಒಂದು ಎಳೆ ಮುಗಿದು ಇನ್ನೊಂದು ಹಿಡಿದರು.

'ಇನ್ನ ಹೇಳು.'

'ಫೇಲಾದೆ ಅಪ್ಪ.'

ಕದಿರು ನಿಲ್ಲಲಿಲ್ಲ.

'ಬರ್ಕೊಟ್ಯಾ?'

'ಇಲ್ಲ.'

ಅವರಿಗೆ ಬರೆದುಕೊಡುವ ವಿಷಯ ಹೇಗೆ ಗೊತ್ತು ಎಂದು ನಾನು ಆಗ ಯೋಚಿಸಲಿಲ್ಲ. ಅವರೇ ಹೇಳಿದರು, ನನಗಲ್ಲ, ಉಣ್ಣೆಗೆ ಹೇಳುವ ಹಾಗೆ.

'ಇಮಾಮಣ್ಣ ಎಲ್ಲಾ ಹೇಳವ್ನೆ. ಆ ಎರಡು ಸಾಲು ನಮ್ಮ ಮಂದೆಯೋರಿಗೆಲ್ಲ ಬಾಯಿಗೆ ಬತ್ತಾವೆ. ಸಂಜೆ ಕುರಿ ಕೂಡೋವಾಗ ಹೇಳ್ತಾರೆ.'

ಗಾಳಿ ಎದ್ದಿತ್ತು. ಹಿಂದಿನ ವರ್ಷದ್ದೇ ಗಾಳಿ.

'ಮೂರು ವರ್ಷ ಅಂದಿದ್ದೆ ನಾನು' ಎಂದರು.

'ಹೂಂ.'

'ಮುಂದಿನ ವರ್ಸದ್ದು ಯಾವಾಗ ಸುರು?'

ಜೂನ್ ಕೊನೆಗೆ ಶುರುವಾಯಿತು. ಸೋದರಮಾವನಿಗೆ ಅಪ್ಪ ಏನು ಹೇಳಿದರೋ ನನಗೆ ತಿಳಿಯದು, ಅವನು ಮತ್ತೆ ಪಡಸಾಲೆಯಲ್ಲಿ ಬಂದು ಕೂರಲಿಲ್ಲ. ಪ್ರಾಯೋಗಿಕಕ್ಕೆ ಮತ್ತೆ ಹೆಸರು ಬರೆಸಿದೆ. ಪ್ರಭಾವತಿ ಇರಲಿಲ್ಲ, ಆ ವರ್ಷದ ಹಾಳೆಗಳೆಲ್ಲ ಕೋಳಿ ಕೆದರಿದ ಅಕ್ಷರದಲ್ಲೇ ಇವೆ. ಮೊದಲ ದಿನ ಮೊದಲ ಗಂಟೆಗೆ ಮುಂಚೆ ನಾನು ನೇರವಾಗಿ ವಾಚನಾಲಯದ ಒಳಗೆ ನಡೆದೆ. ಬೆಂಚಿನ ಮೇಲಿದ್ದ ಹುಡುಗರು ತುದಿಗೆ ಸರಿದರು. ಆ ದಿನದ ಪತ್ರಿಕೆ ತೆಗೆದುಕೊಂಡು, ಮೇಜಿನ ಮೇಲೆ ಅಗಲವಾಗಿ ಹರಡಿ, ಓದತೊಡಗಿದೆ.

ಯಾರೋ ಓಡಿಹೋಗಿ ಹೇಳಿರಬೇಕು. ಪ್ರಾಂಶುಪಾಲರು ಬಾಗಿಲಲ್ಲಿ ಬಂದು ನಿಂತರು. ಹುಡುಗರೆಲ್ಲ ಎದ್ದರು. ನಾನೂ ಎದ್ದು ನಿಂತೆ, ಪತ್ರಿಕೆಯ ಮೇಲಿನ ಕೈ ತೆಗೆಯಲಿಲ್ಲ. ಅವರು ನನ್ನನ್ನು ನೋಡಿದರು, ಪತ್ರಿಕೆಯನ್ನು ನೋಡಿದರು, ಹೊರಗೆ ಅಂಗಳದಲ್ಲಿ ಮಣ್ಣು ಎಬ್ಬಿಸುತ್ತಿದ್ದ ಗಾಳಿಯನ್ನು ನೋಡಿದರು.

'ಮಳೆ ಎಲ್ಲೆಲ್ಲಿ ಆಗಿದೆಯಂತಮ್ಮ?' ಎಂದು ಕೇಳಿದರು.

ನಾನು ಹೇಳಿದೆ. ಹೊಸದುರ್ಗಕ್ಕೆ ಆಗಿದೆ, ಹೊಳಲ್ಕೆರೆಗೆ ಅರ್ಧ, ಹಿರಿಯೂರಿಗೆ ಇನ್ನೂ ಇಲ್ಲ. ಅವರು ತಲೆಯಾಡಿಸಿ ಹೊರಟುಹೋದರು.

ಆ ಸೋಮವಾರ ಬಸ್ಸಿನ ಹಲಗೆಗೆ ಒಂದು ಹಾಳೆ, ಕಾಲೇಜಿನ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಗೋಡೆಯದಕ್ಕೆ ನೀಲಿ ಮೊಹರಿತ್ತು. ಎರಡರಲ್ಲೂ ಕೊನೆಗೆ ಒಂದೇ ಸಾಲು ಉಳಿದಿತ್ತು: ಪ್ರಾಂಶುಪಾಲರು ಆರೋಗ್ಯವಾಗಿದ್ದಾರೆ.